ಕೆಳಮನೆ ಅಜ್ಜಿಯ ಬಿಳಿ ಹಾಸು

ಕಾದ ಬಟ್ಟೆಯ ವಾಸನೆ ಅಂದರೆ ನನಗೆ ಮೊದಲೆಲ್ಲ ನೆನಪಾಗುತ್ತಿದ್ದುದು ದಾವಣಗೆರೆಯ ನಮ್ಮ ಬೀದಿಯ ಇಸ್ತ್ರಿ ಗಾಡಿ. ಈಗ ಹಾಗಲ್ಲ. ಮೊನ್ನೆ ಇಲ್ಲೇ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕನ್ನಡದ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಅವಳು ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ ಎಂದು ತಿಳಿದು ಅಲ್ಲಿಗೇ ಇಳಿದೆ. ಬಾಗಿಲು ತೆಗೆದದ್ದೇ ತಡ, ಆ ವಾಸನೆ ಮುಖಕ್ಕೆ ಬಡಿಯಿತು. ಒದ್ದೆ ನಾರುಬಟ್ಟೆ ಬಿಸಿ ಉರುಳೆಗೆ ಸಿಕ್ಕಾಗ ಬರುವ, ಅರ್ಧ ಗಂಜಿಯದು ಅರ್ಧ ಒಣಹುಲ್ಲಿನದು ಅನ್ನಿಸುವ ವಾಸನೆ. ಮೂಲೆಯಲ್ಲಿ ಯಾರೋ ಮುದುಕರೊಬ್ಬರು ಮೇಜಿನ ಬಟ್ಟೆಗಳನ್ನು ಯಂತ್ರಕ್ಕೆ ಕೊಡುತ್ತಿದ್ದರು. "ಏನೇ, ಯಾಕೆ ಹಂಗೆ ನಿಂತ್ಬಿಟ್ಟೆ?" ಎಂದಳು ಗೆಳತಿ. "ಏನಿಲ್ಲ ಕಣೇ" ಅಂದೆ. ಏನಿಲ್ಲ ಅಂದುಬಿಡುವುದು ಸುಲಭ...

ನಾವು ಸ್ವೀಡನ್ನಿಗೆ ಬಂದ ಹೊಸತರಲ್ಲಿ ನಾರ್‌ಶೋಪಿಂಗ್‌ನಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಆಗಿತ್ತು. ಗಂಡನಿಗೆ ವರ್ಕ್ ಪರ್ಮಿಟ್, ನನಗೆ ಅವನ ಹೆಂಡತಿ ಅನ್ನುವ ಪರ್ಮಿಟ್. ಪರ್ಸೂನ್‌ನುಮ್ಮರ್ ಅಂತ ಸರ್ಕಾರ ಕೊಡುವ ಒಂದು ನಂಬರಿದೆ. ಅದು ಕೈಗೆ ಬರುವ ತನಕ ಈ ದೇಶದ ಮಟ್ಟಿಗೆ ಮನುಷ್ಯ ಹುಟ್ಟಿಯೇ ಇಲ್ಲ. ಬ್ಯಾಂಕಿಲ್ಲ, ಲೈಬ್ರರಿ ಕಾರ್ಡಿಲ್ಲ, ಭಾಷೆ ಕಲಿಸುವ ಕ್ಲಾಸೂ ಇಲ್ಲ. ಕೊನೆಗೆ ನಂಬರು ಬಂದು ಮಗಳು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗತೊಡಗಿದಾಗ ಮನೆ ಇನ್ನೂ ಖಾಲಿಯಾಯಿತು. ದಿನವಿಡೀ ಯಾರೂ ನನ್ನನ್ನು ಮಾತಾಡಿಸುತ್ತಿರಲಿಲ್ಲ. ನನ್ನ ದನಿ ನನಗಾದರೂ ಕೇಳಲಿ ಎಂದು ಈರುಳ್ಳಿಯ ಜೊತೆ, ಕುಕ್ಕರಿನ ಜೊತೆ ಮಾತಾಡುತ್ತಿದ್ದೆ. ಕುಕ್ಕರಾದರೂ ಒಮ್ಮೊಮ್ಮೆ ಉತ್ತರ ಕೊಡುತ್ತಿತ್ತು. ನಗಬೇಡಿ, ಆ ದಿನಗಳಲ್ಲಿ ಅದೂ ಒಂದು ಆಸರೆಯೇ ಆಗಿತ್ತು.

ನಮ್ಮ ಮನೆ ಮೂರನೇ ಮಹಡಿಯಲ್ಲಿ. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆ ಒಗೆಯುವ ಕೋಣೆ. ಅದರ ಬಾಗಿಲ ಬಳಿಯ ಹಲಗೆಯಲ್ಲಿ ನಮ್ಮ ಹೊತ್ತನ್ನು ಮೊದಲೇ ಕಾದಿರಿಸಬೇಕು. ಸ್ವೀಡನ್ನಿನವರು ಉಳಿದೆಲ್ಲ ವಿಷಯಕ್ಕೆ ಶಾಂತಮೂರ್ತಿಗಳು, ಆ ಹಲಗೆಯ ವಿಷಯಕ್ಕೆ ಹೋದರೆ ಮಾತ್ರ ಭದ್ರಕಾಳಿಯರು. ಹಾಗಾಗಿ ನನ್ನ ಸರದಿಯ ದಿನ ಗಡಿಯಾರ ನೋಡಿಕೊಂಡೇ ಇಳಿದೆ. ಒಳಗೆ ಸಣ್ಣ ಮೈಯ, ಹೂವಿನ ಏಪ್ರನ್ ಕಟ್ಟಿದ ಒಬ್ಬ ಮುದುಕಿ. ಅವರ ಹೊತ್ತು ಮುಗಿದಿತ್ತು, ಕೆಲಸ ಮುಗಿದಿರಲಿಲ್ಲ. ಒಂದು ದೊಡ್ಡ ಬಿಳಿ ಹಾಸಿನ ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬರೇ ಹಿಂದಕ್ಕೆ ವಾಲಿ ಜಗ್ಗುತ್ತಿದ್ದರು. ಬಾಗಿಲೂ ಅವರ ಜೊತೆ ಬರುತ್ತಿತ್ತು, ಹೋಗುತ್ತಿತ್ತು.

ನನ್ನನ್ನು ಕಂಡು ಗಾಬರಿಯಾಗಿ ಏನೇನೋ ಕ್ಷಮೆ ಕೇಳಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಕೆಲಸ ತಿಳಿಯಿತು! ಗಂಜಿ ಹಾಕಿದ ಕೈಮಗ್ಗದ ಸೀರೆಯನ್ನು ಅಮ್ಮ ಆ ಕಡೆ, ನಾನು ಈ ಕಡೆ ನಿಂತು ಮೂಲೆ ಹಿಡಿದು ಎಳೆದವರೇ ತಾನೆ? ಬಾಗಿಲ ಹಿಡಿಯ ಗಂಟು ಬಿಚ್ಚಿ ಆ ತುದಿಯನ್ನು ನಾನು ಹಿಡಿದೆ. ಅವರು ಒಮ್ಮೆ ಜಗ್ಗಿದರು, ನಾನು ಒಮ್ಮೆ ಜಗ್ಗಿದೆ. ಮೂಲೆಗೆ ಮೂಲೆ, ಅಂಚಿಗೆ ಅಂಚು. ನಾನು ತುಸು ಜೋರಾಗಿಯೇ ಎಳೆದೆನೆಂದು ಕಾಣುತ್ತದೆ, ಮುದುಕಿ ಎರಡು ಹೆಜ್ಜೆ ಮುಗ್ಗರಿಸಿ ಬಂದು ನನ್ನೆದುರೇ ನಿಂತರು. ಇಬ್ಬರೂ ನಕ್ಕೆವು. ನಾರ್‌ಶೋಪಿಂಗ್‌ನಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೇ ಮೊದಲು.

ಹಾಗೆ ಎಳೆದು ಹದ ಮಾಡಿದ ಬಟ್ಟೆ ಆಮೇಲೆ ಮಾಂಗೆಲ್‌ಗೆ ಹೋಗುತ್ತದೆ. ಎರಡು ದಪ್ಪ ಬಿಸಿ ಉರುಳೆಗಳ ನಡುವೆ ಬಟ್ಟೆಯನ್ನು ಒತ್ತಿ ಇಸ್ತ್ರಿ ಮಾಡುವ ಯಂತ್ರ ಅದು, ನಮ್ಮ ಕಬ್ಬಿನ ಹಾಲಿನ ಅಂಗಡಿಯ ಮಷೀನಿನ ಅಣ್ಣನ ಹಾಗಿದೆ. ಉರುಳೆಯ ಮುಂದೆ ಒಂದು ಕೆಂಪು ಕಂಬಿ. ಕೈ ತಪ್ಪಿ ಅದಕ್ಕೆ ತಗುಲಿದರೆ ಯಂತ್ರ ನಿಂತುಬಿಡುತ್ತದೆ. ಅಜ್ಜಿ ಪ್ರತಿಸಲವೂ ಯಂತ್ರ ಓಡಿಸಿ, ಬಟ್ಟೆ ಕೊಡುವ ಮೊದಲು ಆ ಕಂಬಿಯನ್ನು ಒತ್ತಿ, ಅದು ನಿಲ್ಲುತ್ತದೆಯೋ ಇಲ್ಲವೋ ನೋಡಿ, ಮತ್ತೆ ಓಡಿಸುತ್ತಿದ್ದರು. ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡುವವರ ಹಾಗೆ ಕಾಣುತ್ತಿತ್ತು ನನಗೆ.

ಅಜ್ಜಿ ಅಂದೆ ನೋಡಿ. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ತೊಂಬತ್ತರ ಹತ್ತಿರದ ಹೆಂಗಸನ್ನು ಹೆಸರು ಹಿಡಿದು ಕೂಗಲು ನನಗೆ ಬಾಯಿ ಬರಲಿಲ್ಲ. ಅಜ್ಜಿ ಎಂದೆ, ಅರ್ಥ ಹೇಳಿದೆ. ಅವರು ನಮ್ಮ ಕೆಳಗಿನ, ನೆಲಮಹಡಿಯ ಮನೆಯಲ್ಲಿ ಒಬ್ಬರೇ ಇದ್ದರು, ಮಕ್ಕಳಿರಲಿಲ್ಲ, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆ ಪದವನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಸರಿ, ಹಾಗಾದ್ರೆ ಇವತ್ತಿಂದ ನಾನು ಅಜ್ಜಿ" ಎಂದರು. ಆಡುತ್ತಿದ್ದುದು ಸ್ವೀಡಿಷ್, ನಡುನಡುವೆ ಅವರ ಅಮ್ಮನಿಂದ ಕಲಿತ ಹಳೇ ಅಮೆರಿಕದ ಇಂಗ್ಲಿಷ್. ನನಗೆ ಮಾತ್ರ ಅವರ ಮಾತೆಲ್ಲ ಕನ್ನಡದಲ್ಲೇ ನೆನಪಿದೆ, ಯಾಕೋ ಗೊತ್ತಿಲ್ಲ.

ಅಜ್ಜಿ ದುಡಿದದ್ದು ಊರಿನ ಉಣ್ಣೆ ಗಿರಣಿಯಲ್ಲಿ. ನಾರ್‌ಶೋಪಿಂಗ್ ಅಂದರೆ ಒಂದು ಕಾಲಕ್ಕೆ ಗಿರಣಿಗಳೇ. ನಾನು ಹೋಗುವ ಹೊತ್ತಿಗೆ ಮಗ್ಗಗಳೆಲ್ಲ ಹೋಗಿ ಅವೇ ಕಟ್ಟಡಗಳಲ್ಲಿ ಕಾಲೇಜು, ಕಂಪ್ಯೂಟರ್ ಆಫೀಸು ಬಂದಿದ್ದವು. "ನಿನ್ನ ಗಂಡ ಕೂತ್ಕೊಂಡು ಸಂಬಳ ತಗೊಳ್ಳೋ ಜಾಗದಲ್ಲಿ ನಾನು ನಿಂತ್ಕೊಂಡು ತಗೊಂಡೆ" ಎಂದು ಛೇಡಿಸುತ್ತಿದ್ದರು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದರು, ಅದೂ ಮುಚ್ಚಿತು ಎಂದಾಗ ಅಜ್ಜಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ "ಹಾಗಾದ್ರೆ ನಿಮ್ಮಪ್ಪನ ಜೊತೆಗೂ ಹೀಗೇ ಮಾತಾಡಬೇಕಾ?" ಎಂದು ಕೂಗಿದರು. ಹೌದು, ಹಾಗೇ. ಮಗ್ಗದ ಸದ್ದಿಗೆ ಅಜ್ಜಿಯ ಕಿವಿಯಂತೆ ಅಪ್ಪನ ಕಿವಿಯೂ ಮಂದವಾಗಿತ್ತು. ನನ್ನ ಮನೆಯ ಕಥೆ ಈ ಊರಲ್ಲಿ ಯಾರಿಗಾದರೂ ಅರ್ಥವಾದೀತು ಎಂದು ಆ ತನಕ ನನಗನ್ನಿಸಿರಲಿಲ್ಲ.

ಮೊದಲ ವರ್ಷದ ಶರತ್ಕಾಲ. ಅಜ್ಜಿ ಬೀರುವಿನ ತಳದಿಂದ ಒಂದು ಹಾಸು ತೆಗೆದು ತಂದರು. ಅಗಸೆ ನಾರಿನದು. ನಾವು ಚಟ್ನಿಪುಡಿ ಮಾಡುವ ಅಗಸೆ ಇದೆಯಲ್ಲ, ಅದೇ ಗಿಡದ ಕಾಂಡದಿಂದ ಇಲ್ಲಿಯವರು ನಾರು ತೆಗೆದು ನೇಯುತ್ತಾರೆ. ಅಂಚಿಗೆ ಬಿಳಿ ದಾರದಲ್ಲೇ ಬಿಳಿ ಕಸೂತಿ. ಒಗೆದರು, ಎಳೆಯಲು ನನಗೊಂದು ತುದಿ ಕೊಟ್ಟರು. ಎಷ್ಟೋ ವರ್ಷ ಹಳೆಯದಿದ್ದರೂ ಒಂದು ದಿನವೂ ಯಾರೂ ಅದರ ಮೇಲೆ ಮಲಗಿದಂತೆ ಕಾಣಲಿಲ್ಲ.

"ಅಜ್ಜಿ, ಇಷ್ಟು ಚೆನ್ನಾಗಿರೋದನ್ನ ಹಾಸಿಗೆಗೆ ಯಾಕೆ ಹಾಕಲ್ಲ ನೀವು?"

"ಹಾಕ್ತಾರೆ, ನಾನು ಸತ್ತ ಮೇಲೆ. ಪೆಟ್ಟಿಗೆಯಲ್ಲಿ ಇದರ ಮೇಲೇ ಮಲಗಿಸಿ, ಇದನ್ನೇ ಹೊದಿಸ್ತಾರೆ. ಅದಕ್ಕೇ ವರ್ಷಕ್ಕೊಂದು ಸಲ ಒಗೆದು ಸಿದ್ಧ ಇಟ್ಟಿರ್ತೀನಿ" ಎಂದರು, ನಾಳೆ ಬಸ್ಸಿಗೆ ಟಿಕೆಟ್ ತೆಗೆದಿಟ್ಟಿದ್ದೇನೆ ಅನ್ನುವ ಹಾಗೆ.

ನನ್ನ ಕೈಯಿಂದ ತುದಿ ಜಾರಿ ನೆಲಕ್ಕೆ ಬಿತ್ತು. "ಏ ಏ, ಈಗ ತಾನೆ ಒಗೆದದ್ದು!" ಎಂದು ಅಜ್ಜಿ ರೇಗಿದರು. ಹೇಗೋ ಆ ಕೆಲಸ ಮುಗಿಸಿ ಮೇಲೆ ಬಂದವಳೇ ತಲೆಗೆ ನೀರು ಹಾಕಿಕೊಂಡೆ. ಗಂಡ ಆಫೀಸಿನಿಂದ ಬಂದು "ಇದೇನೇ, ಸಂಜೆ ಹೊತ್ತಲ್ಲಿ ತಲೆಸ್ನಾನ?" ಎಂದ. ವಿಷಯ ಹೇಳಿದೆ. ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ಆ ವಾರ ಕೆಳಗೆ ಹೋಗಲಿಲ್ಲ. ಆಮೇಲೆ ಅಜ್ಜಿಯೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. "ಕಾಫಿಗೆ ಯಾರೂ ಇಲ್ಲ" ಎಂದರು. ಅಷ್ಟೇ ಹೇಳಿದ್ದು. ನಾನು ಚಪ್ಪಲಿ ಮೆಟ್ಟಿ ಅವರ ಹಿಂದೆಯೇ ಇಳಿದೆ.

ಅಲ್ಲಿಂದ ಒಂದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಹೊತ್ತು ಕಳೆಯುವ ದಾರಿಯಾದೆವು. ನನ್ನ ಸ್ವೀಡಿಷ್ ಕಲಿಕೆಯೆಲ್ಲ ಅವರ ಅಡುಗೆಮನೆಯಲ್ಲೇ. ಅವರು ನನ್ನ ಕೈಯ ಚಿತ್ರಾನ್ನಕ್ಕೆ ಮರುಳಾದರು. ಹಸಿಮೆಣಸಿನಕಾಯಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿಟ್ಟು, ಉಳಿದದ್ದನ್ನು ಒಂದಗುಳೂ ಬಿಡದೆ ತಿನ್ನುತ್ತಿದ್ದರು.

ಎಡವಟ್ಟಾದದ್ದು ಆ ಚಿತ್ರಾನ್ನದಿಂದಲೇ.

ಎರಡನೆಯ ವರ್ಷ, ನವೆಂಬರ್ ಶುರುವಿನಲ್ಲಿ ಮತ್ತೆ ಆ ಹಾಸು ಹೊರಬಂತು. ಈ ಸಲ ನಾನು ತುದಿ ಬಿಡಲಿಲ್ಲ. ಎಳೆದೆವು, ಮಾಂಗೆಲ್ ಮಾಡಿದೆವು. ಮಡಿಚಿದ ಹಾಸು ಕಾಗದದ ಹಾಗೆ ನೇರ, ಇನ್ನೂ ಬಿಸಿ. "ಮೇಲೆ ಬನ್ನಿ ಅಜ್ಜಿ, ಚಿತ್ರಾನ್ನ ಕಲಸಿಟ್ಟೇ ಬಂದಿದೀನಿ" ಎಂದೆ. ಬಂದರು. ನಮ್ಮ ಸೋಫಾದ ತುಂಬ ಮಗಳ ಬಣ್ಣದ ಪೆನ್ಸಿಲ್‌ಗಳು, ಅಲ್ಲಿ ಇಡಲು ಅವರಿಗೆ ಧೈರ್ಯವಾಗದೆ ಹಾಸನ್ನು ತೊಡೆಯ ಮೇಲೇ ಇಟ್ಟುಕೊಂಡು ಕುಳಿತರು. ಮೂರನೆಯ ತುತ್ತಿಗೋ ನಾಲ್ಕನೆಯದಕ್ಕೋ ಕೈ ತಪ್ಪಿತು. ಎಣ್ಣೆ, ನಿಂಬೆಹುಳಿ, ಅರಿಶಿನ ಮೆತ್ತಿದ ಅನ್ನ ಚಮಚದಿಂದ ಸೀದಾ ಆ ಬಿಳುಪಿನ ಮೇಲೆ ಬಿತ್ತು.

ನಾನು "ಅಯ್ಯೋ!" ಎಂದು ಏಳುವಷ್ಟರಲ್ಲಿ ಅಜ್ಜಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಕೈಗೆ ಸಿಕ್ಕ ಸೋಪು ಉಜ್ಜಿಯೇಬಿಟ್ಟಿದ್ದರು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಹಳದಿ ಇದ್ದದ್ದು ಕೆಂಪಾಯಿತು, ಆರತಿ ನೀರಿನಂಥ ಗಾಢ ಕೆಂಪು. ಅಜ್ಜಿ ಒಂದು ಥರದ ಸದ್ದು ಮಾಡಿ ಹಾಸನ್ನು ಕೈಬಿಟ್ಟು ಹಿಂದೆ ಸರಿದು ಟಬ್ಬಿನ ಅಂಚಿಗೆ ಕುಸಿದು ಕುಳಿತರು.

"ಅಜ್ಜಿ, ಅದು ರಕ್ತ ಅಲ್ಲ, ಅರಿಶಿನ. ನೋಡಿ, ನೀರು ಹಾಕಿದ್ರೆ ಮತ್ತೆ ಹಳದಿ ಆಗುತ್ತೆ" ಎಂದು ನಲ್ಲಿಗೆ ಹಿಡಿದು ತೋರಿಸಿದೆ. ನೋಡಿದರು. ನಂಬಿದರು. ಆದರೂ ಏಳಲಿಲ್ಲ. ಅಲ್ಲೇ, ನಮ್ಮ ಬಚ್ಚಲಲ್ಲೇ ಕುಳಿತು ಆ ಕಥೆ ಹೇಳಿದರು. ಆಮೇಲೆ ಯಾವತ್ತೂ ಅದರ ಮಾತೆತ್ತಲಿಲ್ಲ.

ಹೋದ ಶತಮಾನದ ಮೊದಲ ವರ್ಷಗಳಲ್ಲಿ ಅಜ್ಜಿಯ ಅಮ್ಮ ಮತ್ತು ದೊಡ್ಡಮ್ಮ, ಇಬ್ಬರೂ ಇನ್ನೂ ಮದುವೆಯಾಗದ ಹುಡುಗಿಯರು, ಹಡಗು ಹತ್ತಿ ಅಮೆರಿಕಕ್ಕೆ ಹೋದರಂತೆ. ಇಲ್ಲಿ ಕಲ್ಲು ತುಂಬಿದ ಹೊಲ, ಅರೆಹೊಟ್ಟೆ. ಆ ಕಾಲದಲ್ಲಿ ಈ ಸೀಮೆಯಿಂದ ಊರೂರೇ ಎದ್ದು ಆ ಕಡೆ ಹೋಗುತ್ತಿತ್ತಂತೆ. ಅಕ್ಕತಂಗಿಯರು ಸೇರಿದ್ದು ಷಿಕಾಗೋ ನಗರದ ಒಂದು ದೊಡ್ಡ ಲಾಂಡ್ರಿ. ಉಗಿಯಿಂದ ನಡೆಯುವ ಕಾರ್ಖಾನೆ. ಹೋಟೆಲುಗಳ, ರೈಲುಗಳ ಹಾಸೆಲ್ಲ ಅಲ್ಲಿಗೆ ಬರುತ್ತಿತ್ತು.

"ಅಮೆರಿಕ ಅಂದ್ರೆ ಎಲ್ಲರೂ ಉಕ್ಕು ಅಂತಾರೆ, ಸೇತುವೆ ಅಂತಾರೆ, ಎತ್ತರದ ಕಟ್ಟಡ ಅಂತಾರೆ. ಆ ರೈಲಲ್ಲಿ ಓಡಾಡೋರು ರಾತ್ರಿ ಮಲಗಬೇಕಲ್ಲ? ಆ ಹಾಸು ಒಗೆದೋರು ಯಾರು ಅಂತ ಯಾರೂ ಹೇಳಲ್ಲ" ಎಂದರು ಅಜ್ಜಿ. "ರೈಲು ಪಶ್ಚಿಮಕ್ಕೆ ಮುಂದುಮುಂದಕ್ಕೆ ಹೋದಷ್ಟೂ ಕೊಳೆ ಬಟ್ಟೆಯ ಗಂಟು ದೊಡ್ಡದಾಯ್ತು. ದೇಶ ಬೆಳೀತಿದೆ ಅಂತ ಅಮ್ಮನಿಗೆ ಗೊತ್ತಾಗಿದ್ದು ಹಾಗೆ."

ಹುಡುಗಿಯರು ಬೆಳಗಿನಿಂದ ರಾತ್ರಿಯ ತನಕ ಮಾಂಗೆಲ್ ಮುಂದೆ ನಿಲ್ಲಬೇಕು. ಕಾಲು ಊದಿ ಬೂಟು ಬಿಚ್ಚಲಾಗುತ್ತಿರಲಿಲ್ಲ. ಆಗ ದೊಡ್ಡ ದೊಡ್ಡ ಟೋಪಿ ಹಾಕಿದ ಹೆಂಗಸರು ಬಂದರಂತೆ. ಓದಿದವರು, ಒಳ್ಳೆಯವರು. ಎಷ್ಟು ಹೊತ್ತು ನಿಲ್ಲುತ್ತೀರಿ, ಏನು ತಿನ್ನುತ್ತೀರಿ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು, ಕಣ್ಣೊರೆಸಿಕೊಂಡರು, ಹೋಗಿ ಸರ್ಕಾರದ ಜೊತೆ ಗುದ್ದಾಡಿದರು. ಹೆಂಗಸರನ್ನು ಇಷ್ಟು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂದು ಕಾನೂನು ಬಂತು. ಲಾಂಡ್ರಿಯಲ್ಲಿ ಎಲ್ಲರೂ ಕುಣಿದಾಡಿದರು. ಮಾಲೀಕ ಕಾನೂನು ಮುರಿಯಲಿಲ್ಲ, ಉರುಳೆಯ ವೇಗ ಹೆಚ್ಚಿಸಿದ ಅಷ್ಟೇ.

ಆ ವೇಗಕ್ಕೆ ಒಂದು ದಿನ ದೊಡ್ಡಮ್ಮನ ಕೈ ಹಾಸಿನ ಜೊತೆ ಒಳಗೆ ಹೋಯಿತು. ಯಂತ್ರ ನಿಲ್ಲಿಸಿದರು. ಮೇಲ್ವಿಚಾರಣೆಯ ಹೆಂಗಸು ಓಡಿ ಬಂದು ಕೂಗಿದ್ದು, "ಹಾಸು! ಮೊದಲು ಹಾಸು ತೆಗೀರಿ!" ಎಂದು. ರಕ್ತ ಒಣಗುವ ಮೊದಲೇ ತಣ್ಣೀರಿಗೆ ಹಾಕದಿದ್ದರೆ ಕಲೆ ಹೋಗುವುದಿಲ್ಲವಲ್ಲ... ಪಕ್ಕದಲ್ಲೇ ನಿಂತಿದ್ದ ತಂಗಿ, ಅಂದರೆ ಅಜ್ಜಿಯ ಅಮ್ಮ, ಆ ಮಾತು ಕೇಳಿದ್ದೇ ಹಾಸನ್ನು ಎಳೆದುಕೊಂಡು ತಣ್ಣೀರಿನ ತೊಟ್ಟಿಗೆ ಓಡಿದಳು. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. "ಅಭ್ಯಾಸ. ಅಮ್ಮ ಸಾಯೋ ತನಕ 'ನನ್ನ ಕೈ ತಾನಾಗೇ ಹೋಯ್ತು, ಕೈ ತಾನಾಗೇ ಹೋಯ್ತು' ಅಂತಿದ್ಳು" ಎಂದರು ಅಜ್ಜಿ.

ಗಾಯ ಕೊಳೆತು ಅಕ್ಕ ತೀರಿಕೊಂಡಳು. ಊರಿನ ಖರ್ಚಿನಲ್ಲಿ ಹೂಳಿದರು, ಗೋಣಿಯಂಥ ಒರಟು ಬಟ್ಟೆಯಲ್ಲಿ ಸುತ್ತಿ. ಎಷ್ಟು ಬಿಳಿ ಹಾಸು ಆ ಕೈಯಿಂದ ದಾಟಿ ಹೋಗಿದ್ದವೋ, ಒಂದೂ ಅವಳ ಪಾಲಿಗಿರಲಿಲ್ಲ. ಅದಾದ ಮೇಲೆ ಉರುಳೆಯ ಮುಂದೆ ಕಂಬಿ ಹಾಕಿಸಿದರಂತೆ. ತಂಗಿ ಅಲ್ಲಿ ನಿಲ್ಲಲಿಲ್ಲ. ತಿರುಗಿ ಬಂದು ಒಬ್ಬ ರೈತನನ್ನು ಮದುವೆಯಾಗಿ, ಹೊಲದ ಮೂಲೆಯಲ್ಲಿ ಅಗಸೆ ಬಿತ್ತಿ, ನಾರು ತೆಗೆದು, ನೂತು, ತಾನೇ ಕೂತು ಎರಡು ಹಾಸು ನೇಯ್ದಳು. ಒಂದು ತನಗೆ, ಒಂದು ಮಗಳಿಗೆ. ನಮ್ಮ ಮನೆಯಲ್ಲಿ ಯಾರೂ ಇನ್ನು ಹಾಗೆ ಹೋಗಬಾರದು, ಬೆಳ್ಳಗಿನ ಹಾಸಿನಲ್ಲೇ ಹೋಗಬೇಕು ಎಂದು. ಅಮ್ಮ ತನ್ನದರಲ್ಲಿ ಹೋದಳು. ಉಳಿದದ್ದು ಈಗ ನನ್ನ ಬಚ್ಚಲಲ್ಲಿ, ಅಂಗೈಯಗಲದ ಹಳದಿ ಕಲೆಯ ಜೊತೆ.

ಬ್ಲೀಚ್ ಹಾಕೋಣವೇ ಎಂದೆ. ಅಜ್ಜಿ ಕೆಂಡವಾದರು. ಆ ಲಾಂಡ್ರಿಯ ಬ್ಲೀಚು ಅಮ್ಮನ ಬೆರಳುಗಳನ್ನು ತಿಂದುಹಾಕಿತ್ತಂತೆ, ಅದು ಮನೆಯೊಳಗೇ ಬರಕೂಡದು. ನನಗೆ ಗೊತ್ತಿದ್ದುದು ಒಂದೇ ಉಪಾಯ: ಅರಿಶಿನದ ಕಲೆಯನ್ನು ಬಿಸಿಲು ತಿನ್ನುತ್ತದೆ. ದಾವಣಗೆರೆಯಲ್ಲಾದರೆ ಎರಡು ಮಧ್ಯಾಹ್ನ ಸಾಕು, ಕಲೆ ಇತ್ತು ಎಂದರೆ ಯಾರೂ ನಂಬುವುದಿಲ್ಲ. ಅಜ್ಜಿಗೆ ಗೊತ್ತಿದ್ದುದು ಇನ್ನೊಂದು. ಹಳ್ಳಿಯಲ್ಲಿ ಹಿಂದೆ ಮಾರ್ಚ್ ತಿಂಗಳಲ್ಲಿ ಗಟ್ಟಿ ಹಿಮದ ಮೇಲೆ ನಾರುಬಟ್ಟೆ ಹಾಸುತ್ತಿದ್ದರಂತೆ. ಮೇಲಿನ ಬಿಸಿಲು, ಕೆಳಗಿನ ಹಿಮದ ಹೊಳಪು, ಎರಡೂ ಸೇರಿ ಬಟ್ಟೆ ಬೆಳ್ಳಗೆ ಬೆಳ್ಳಗೆ ಆಗುತ್ತದಂತೆ. ಇಬ್ಬರ ವಿದ್ಯೆಗೂ ಬೇಕಾದದ್ದು ಬಿಸಿಲು. ಅದೋ ನವೆಂಬರ್. ಮಧ್ಯಾಹ್ನ ಮೂರು ಗಂಟೆಗೆಲ್ಲ ದೀಪ ಹಚ್ಚಬೇಕು.

"ಮಾರ್ಚ್ ತನಕ ಇರ್ತೀನಿ ಬಿಡು" ಎಂದರು ಅಜ್ಜಿ. "ಕಲೆ ಇಟ್ಕೊಂಡು ಹೋಗೋದಕ್ಕಾಗುತ್ತಾ? ಅಮ್ಮ ಬಾಗಿಲಲ್ಲೇ ನಿಲ್ಲಿಸ್ತಾಳೆ."

ಕೆಳಮನೆಗೆ ಬಿಸಿಲು ಬೀಳುವುದೇ ಇಲ್ಲ. ಹಾಗಾಗಿ ಹಾಸು ನಮ್ಮ ಮನೆಯಲ್ಲೇ ಉಳಿಯಿತು. ದಕ್ಷಿಣದ ಕಿಟಕಿಗೆ ಹಗ್ಗ ಕಟ್ಟಿ ಕಲೆಯ ಭಾಗ ಗಾಜಿಗೆ ಬರುವಂತೆ ನೇತು ಹಾಕಿದೆ. ಸೂರ್ಯ ಯಾವುದಾದರೂ ದಿನ ಮನಸ್ಸು ಮಾಡಿ ಎದುರು ಕಟ್ಟಡದ ಮೇಲೆ ಇಣುಕಿದರೆ ಓಡಿಹೋಗಿ ಹಾಸು ಸರಿಸುತ್ತಿದ್ದೆ. ಅವನು ಬರುತ್ತಿದ್ದುದು ಮನಸ್ಸಿಲ್ಲದ ಅಳಿಯ ಮಾವನ ಮನೆಗೆ ಬಂದ ಹಾಗೆ. ಬಂದೆ ಅನ್ನಿಸಿ ಹೊರಟೇಬಿಡುತ್ತಿದ್ದ.

ಭಾನುವಾರ ಅಮ್ಮನ ಫೋನು. ಬಾಯಿ ತಪ್ಪಿ ವಿಷಯ ಹೇಳಿಬಿಟ್ಟೆ.

"ಏನಂದಿ? ಹೆಣದ ಬಟ್ಟೆ ಮನೇಲಿ ನೇತು ಹಾಕ್ಕಂಡೀಯಾ? ಸಣ್ಣ ಕೂಸು ಇರೋ ಮನೆ! ನಿಂಗೇನು ತಲೆ ನೆಟ್ಟಗೈತೋ ಇಲ್ಲೋ?"

"ಹೆಣ ಇನ್ನೂ ಕೆಳಗೆ ಕಾಫಿ ಕುಡೀತಾ ಕೂತೈತಮ್ಮ, ಸುಮ್ನಿರು" ಎಂದೆ.

ಅಮ್ಮ ಫೋನಿಟ್ಟಳು. ಮುಂದಿನ ಭಾನುವಾರ ಅವಳ ಮೊದಲ ಮಾತೇ, "ಕಲೆ ಹೋತೇನೇ?" ಆಮೇಲೆ ಅವಳೇ ವೈದ್ಯ ಹೇಳತೊಡಗಿದಳು. ನಿಂಬೆಹಣ್ಣು ಹಚ್ಚು, ಹುಳಿ ಮಜ್ಜಿಗೇಲಿ ನೆನೆಸು, ಬಿಸಿಲಿಗೆ ಹಾಕು. ಬಿಸಿಲು ಎಲ್ಲಿಂದ ತರಲಿ ಎಂದರೆ, "ಬಿಸಿಲಿಲ್ದಿರೋ ಊರು ಅದೆಂಥ ಊರೇ, ಹಾಳಾದ್ದು!" ನನ್ನ ಅಜ್ಜಿಗಾಗಿ ಅಮ್ಮ ಅಲ್ಲಿಂದ ಸ್ವೀಡನ್ನಿಗೇ ಶಾಪ ಹಾಕುತ್ತಿದ್ದಳು. ಕಲೆ ಸ್ವಲ್ಪ ಸ್ವಲ್ಪವೇ ತಿಳಿಯಾಯಿತು. ಅಜ್ಜಿ ದಿನಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು, ಕನ್ನಡಕ ಒರೆಸಿ, ಗಾಜಿನ ಬೆಳಕಿಗೆ ಮೂಗು ತಾಗಿಸಿ ನೋಡಿ ಹೋಗುತ್ತಿದ್ದರು.

ಜನವರಿಯಲ್ಲಿ ಬರುವುದು ನಿಂತಿತು. ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟ ಮುರಿಯಿತು. ಆಸ್ಪತ್ರೆಯಿಂದ ವೃದ್ಧರನ್ನು ನೋಡಿಕೊಳ್ಳುವ ಕೊಮ್ಯೂನ್‌ನ, ಅಂದರೆ ನಗರಸಭೆಯ, ಒಂದು ಮನೆಗೆ ಸೇರಿಸಿದರು. ಹಳದಿ ಟ್ರ್ಯಾಮ್ ಹತ್ತಿ ಹೋಗಿ ಬರುತ್ತಿದ್ದೆ. ಚೊಕ್ಕಟವಾದ ಜಾಗ, ಒಳ್ಳೆಯ ಜನ. ಆದರೆ ಯಾರಿಗೂ ಅಜ್ಜಿಯ ಹತ್ತಿರ ಕೂರಲು ಹೊತ್ತಿಲ್ಲ. ಹೋದಾಗಲೆಲ್ಲ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನನ್ನ ದನಿ ಕೇಳಿದರೆ ತಿರುಗಿ, ನಮಸ್ಕಾರ ಗಿಮಸ್ಕಾರ ಏನಿಲ್ಲ, "ಹೋಯ್ತಾ?" ಎನ್ನುತ್ತಿದ್ದರು. ನಾನು "ಇನ್ನೂ ಸ್ವಲ್ಪ ಇದೆ ಅಜ್ಜಿ" ಎನ್ನುತ್ತಿದ್ದೆ. "ಮಾರ್ಚ್‌ಗೆ ಇನ್ನೆಷ್ಟು ದಿನ?" ಎಂದು ಕೇಳಿ ಕಣ್ಣು ಮುಚ್ಚುತ್ತಿದ್ದರು.

ಫೆಬ್ರವರಿ ಮುಗಿಯುತ್ತ ಬಂದಿತ್ತು. ನರ್ಸ್ ನನ್ನನ್ನು ಬಾಗಿಲಾಚೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಮಾರನೆಯ ದಿನ ಹಾಸನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಹಾಸಿಗೆಯ ಮೇಲೆ ಬಿಡಿಸಿ, ಕಲೆ ಇದ್ದ ಜಾಗವನ್ನು ಅವರ ಕೈಯ ಕೆಳಗೆ ತಂದೆ. ಮಾಸಿದ ಸೇವಂತಿಗೆಯ ಬಣ್ಣಕ್ಕೆ ಬಂದಿತ್ತು, ಆದರೆ ಇತ್ತು. ಸುಳ್ಳು ಹೇಳೋಣ ಅನ್ನಿಸಿತು. ಬಾಯಿ ಬರಲಿಲ್ಲ.

"ಇನ್ನೂ ಇದೆ ಅಜ್ಜಿ. ತೀರಾ ಸ್ವಲ್ಪ."

ಅವರು ಬಹಳ ಹೊತ್ತು ಆ ಜಾಗವನ್ನು ಬೆರಳಿನಿಂದ ಸವರಿದರು. ಆಮೇಲೆ ಸಣ್ಣಗೆ ನಕ್ಕರು.

"ಇರಲಿ ಬಿಡು. ಅಮ್ಮ ಕೇಳಿದ್ರೆ, ಊಟ ಮುಗಿಸ್ಕೊಂಡೇ ಬಂದೆ ಅಂತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಅವರ ಎದುರಿಗೇ ಅತ್ತೆ. ಅಜ್ಜಿ ಸಮಾಧಾನ ಮಾಡಲು ಹೋಗಲಿಲ್ಲ, ಹಾಸಿನ ಅಂಚಿನಿಂದಲೇ ನನ್ನ ಮುಖ ಒರೆಸಿದರು. ಒರೆಸಿ, "ಆದ್ರೂ ಮಾರ್ಚ್ ಬರಲಿ, ನೋಡೋಣ" ಎಂದರು. ಆಸೆ ಬಿಟ್ಟಿರಲಿಲ್ಲ. ಆ ವಾರವೇ ಹೋದರು... ನಾನು ಜೊತೆಯಲ್ಲಿರಲಿಲ್ಲ. ಯಾರೂ ಇರಲಿಲ್ಲ ಅಂತ ಕಾಣುತ್ತದೆ.

ದೂರದ ಸಂಬಂಧಿಯೊಬ್ಬರು ಫೋನಿನಲ್ಲೇ ಎಲ್ಲ ಏರ್ಪಾಡು ಮಾಡಿದರು. ನಾನು ಹಾಸು ತೆಗೆದುಕೊಂಡು ಅಂತ್ಯಕ್ರಿಯೆ ನಡೆಸಿಕೊಡುವವರ ಕಚೇರಿಗೆ ಹೋದೆ. ಅಲ್ಲಿದ್ದವಳು ಒಬ್ಬ ಹರೆಯದ ಹುಡುಗಿ, ಮೆಲುದನಿಯವಳು. ಹಾಸು ಬಿಡಿಸಿ ನೋಡಿ ತುಸು ಮುಜುಗರಪಟ್ಟು, "ಇಲ್ಲೊಂದು ಕಲೆ ಇದೆ. ನಮ್ಮ ಹತ್ತಿರ ಶುಭ್ರವಾದ ಹೊಸದು ಇದೆ, ಅದನ್ನೇ ಹಾಕಬಹುದಲ್ಲ?" ಎಂದಳು.

"ಬೇಡ, ಇದೇ ಹಾಕಿ. ಅದು ಊಟದ ಕಲೆ. ನಮ್ಮ ಮನೇಲಿ ಉಂಡಿದ್ದು" ಎಂದೆ. ನನ್ನ ದನಿ ಜಗಳಕ್ಕೆ ನಿಂತ ಹಾಗಿತ್ತೇನೋ. ಹುಡುಗಿ ತಲೆಯಾಡಿಸಿದಳು. ಕಿಟಕಿಗೆ ನೇತಾಡಿ ನೇತಾಡಿ ಬಟ್ಟೆ ಸುಕ್ಕಾಗಿತ್ತು. ನಾನು ನೀರು ಚಿಮುಕಿಸಿ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಅವಳಿಗೆ ಹೇಗೆ ಹಿಡಿಯಬೇಕು ಎಂದೇ ಗೊತ್ತಿರಲಿಲ್ಲ. "ನಮ್ಮಜ್ಜಿ ಮಾಡೋದು ನೋಡಿದೀನಿ, ಯಾವತ್ತೂ ಹಿಡಿದಿಲ್ಲ" ಎಂದಳು. ಮೂಲೆ ಸೇರಿಸು, ಹಿಂದಕ್ಕೆ ವಾಲು, ಈಗ ಜಗ್ಗು ಎಂದು ನನ್ನ ಹರಕುಮುರುಕು ಸ್ವೀಡಿಷ್‌ನಲ್ಲಿ ಹೇಳಿಕೊಟ್ಟೆ. ಅವಳು ಜಗ್ಗಿದಳು. ನಾನು ಮೆಲ್ಲಗೆ ಜಗ್ಗಿದೆ.

ಮಾರ್ಚ್‌ನಲ್ಲಿ ನಡೆದ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು ಜನ. ಗಂಡ ರಜೆ ಹಾಕಿ ಬಂದಿದ್ದ. ಮಗಳು ಇಡೀ ಹೊತ್ತು ನನ್ನ ಕೋಟಿನ ತೋಳು ಹಿಡಿದುಕೊಂಡು ಸ್ವೀಡಿಷ್‌ನಲ್ಲೇ ಪಿಸುಗುಡುತ್ತಿದ್ದಳು, ಅಜ್ಜಿ ಇನ್ನು ಬರಲ್ವಾ ಎಂದು. ಹಿಂದಿನ ರಾತ್ರಿ ಜೋರು ಹಿಮ ಬಿದ್ದಿತ್ತು, ಆಕಾಶ ಬೂದಿ ಬಣ್ಣ.

ಮಾರನೆಯ ದಿನ ಬಿಸಿಲು ಬಂತು. ಹೀಗೆ ಹಾಗೆ ಅಲ್ಲ, ಕಣ್ಣು ಬಿಡಲಾಗದಂಥ ಬಿಸಿಲು. ಅಂಗಳದ ತುಂಬ ಗಟ್ಟಿ ಹಿಮ, ಒಂದು ಹೆಜ್ಜೆ ಗುರುತೂ ಇಲ್ಲ, ನಾಲ್ಕು ಹಾಸು ಹರಡಿದರೂ ಜಾಗ ಮಿಗುತ್ತಿತ್ತು. ನಾನು ಬಾಲ್ಕನಿಗೆ ಹೋಗಿ ನಿಂತೆ. "ಈಗ ಬಂದ್ಯಾ ಮಹರಾಯಾ?" ಎಂದು ಬೈದೆ. ಕನ್ನಡದಲ್ಲೇ, ಜೋರಾಗಿಯೇ. ಎದುರು ಮನೆಯವರೊಬ್ಬರು ಕಿಟಕಿಯಿಂದ ಇಣುಕಿ ನೋಡಿ ಪರದೆ ಎಳೆದುಕೊಂಡರು.

ಆಮೇಲೆ ಗಂಡನಿಗೆ ಇಲ್ಲಿ ಕೆಲಸವಾಯಿತು, ನನಗೂ ಒಂದು ಕೆಲಸ ಸಿಕ್ಕಿತು, ಈ ಊರಿಗೆ ಬಂದೆವು. ಇಲ್ಲಿ ಕನ್ನಡದ ಮನೆಗಳಿವೆ, ಯುಗಾದಿ ಇದೆ, ಫೋನು ಮಾಡಿದರೆ ಬರುವ ಗೆಳತಿಯರಿದ್ದಾರೆ. ಆದರೂ ಕಾಫಿಗೆ ಯಾರೂ ಇಲ್ಲ ಎಂದು ಬಾಗಿಲಿಗೆ ಬಂದು ನಿಲ್ಲುವವರು ಯಾರೂ ಇಲ್ಲ, ಆ ಜಾಗ ತುಂಬಲೇ ಇಲ್ಲ. ಮಾರ್ಚ್ ತಿಂಗಳ ಮೊದಲ ಬಿಸಿಲಿಗೆ ಇಲ್ಲಿಯವರೆಲ್ಲ ಹೊರಗೆ ಬಂದು ಗೋಡೆಗೆ ಒರಗಿ ಮುಖ ಮೇಲೆ ಮಾಡಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ನಾನೂ ಅವರ ಸಾಲಿನಲ್ಲಿ ನಿಲ್ಲುತ್ತೇನೆ. ಕೆನ್ನೆ ಬೆಚ್ಚಗಾಗುತ್ತದೆ, ಸುಖವೆನಿಸುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಆ ವರ್ಷ ಈ ಸೂರ್ಯ ಒಂದು ಹದಿನೈದು ದಿನ ಮೊದಲೇ ಬಂದಿದ್ದರೆ ಇವನ ಅಪ್ಪನ ಗಂಟೇನು ಹೋಗುತ್ತಿತ್ತು?